ಪ್ಯಾಕ್-12 ಒಡೆದದ್ದು ಹೇಗೆ: ಅಮೆರಿಕದ ಕಾಲೇಜು ಕ್ರೀಡೆ ಮತ್ತು ಟಿವಿ ಹಣ

2023ರ ಆಗಸ್ಟ್ 4, ಶುಕ್ರವಾರ. ಅಮೆರಿಕದ ಪಶ್ಚಿಮ ಭಾಗದ ಕೆಲವು ವಿಶ್ವವಿದ್ಯಾಲಯಗಳ ಅಧ್ಯಕ್ಷರು ಬೆಳಿಗ್ಗೆಯೇ ಆನ್‌ಲೈನ್ ಸಭೆಗೆ ಕುಳಿತರು. ಮುಂದಿನ ಕೆಲವು ವರ್ಷ ಎಲ್ಲರೂ ಜೊತೆಗೇ ಇರುತ್ತೇವೆ ಎಂಬ ಪತ್ರಕ್ಕೆ ಅಂದು ಸಹಿ ಬೀಳುತ್ತದೆ ಎಂದು ಅವರಲ್ಲಿ ಹಲವರು ನಂಬಿದ್ದರು. ಸಹಿ ಬೀಳಲಿಲ್ಲ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯವೂ ಅದರ ನೆರೆಯ ಒರೆಗಾನ್ ವಿಶ್ವವಿದ್ಯಾಲಯವೂ ತಾವು ಹೊರಡುವುದಾಗಿ ತಿಳಿಸಿದವು. ಸಂಜೆಯೊಳಗೆ ಅರಿಝೋನಾ, ಅರಿಝೋನಾ ಸ್ಟೇಟ್ ಮತ್ತು ಯೂಟಾ ಕೂಡ ಹೊರನಡೆದಿದ್ದವು. 1915ರಲ್ಲಿ ಪೋರ್ಟ್‌ಲೆಂಡ್ ನಗರದಲ್ಲಿ ಬೇರು ಬಿಟ್ಟ ಒಂದು ಕ್ರೀಡಾ ಒಕ್ಕೂಟ ಒಂದೇ ದಿನದಲ್ಲಿ ಐದು ಸದಸ್ಯರನ್ನು ಕಳೆದುಕೊಂಡು ನಾಲ್ಕಕ್ಕೆ ಇಳಿಯಿತು. ಇನ್ನೊಂದು ತಿಂಗಳಲ್ಲಿ ಎರಡಕ್ಕೆ ಇಳಿಯಿತು.

ಆ ಒಕ್ಕೂಟದ ಹೆಸರು ಪ್ಯಾಕ್-12. ಇವತ್ತು ನಾನು ಮಾತನಾಡುವುದು ಅದರ ಬಗ್ಗೆ. ನಿಮ್ಮಲ್ಲಿ ಹಲವರ ಮಕ್ಕಳೋ ಅಣ್ಣ ತಮ್ಮಂದಿರ ಮಕ್ಕಳೋ ಸಿಯಾಟಲ್‌ನಲ್ಲಿ, ಬೇ ಏರಿಯಾದಲ್ಲಿ ಇದ್ದಾರೆ. ಬರ್ಕ್ಲಿಯಲ್ಲಿ, ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದ್ದಾರೆ. ಆ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳ ಬಗ್ಗೆ ನಮಗೆ ಗೊತ್ತು, ನೊಬೆಲ್ ಪಡೆದ ಪ್ರಾಧ್ಯಾಪಕರ ಬಗ್ಗೆ ಗೊತ್ತು. ಅದೇ ಆವರಣದಲ್ಲಿ ನಡೆಯುವ ಈ ಇನ್ನೊಂದು ವ್ಯವಹಾರ ನಮ್ಮ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ.

ಮೊದಲು ವ್ಯವಸ್ಥೆಯ ಪರಿಚಯ. ನಮ್ಮಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುತ್ತದೆ. ಮೈಸೂರು, ಮಂಗಳೂರು, ಧಾರವಾಡದ ತಂಡಗಳು ದಕ್ಷಿಣ ವಲಯದಲ್ಲಿ ಆಡುತ್ತವೆ. ವಲಯ ಬದಲಿಸಬೇಕು ಎಂದು ಯಾವ ಕುಲಪತಿಗೂ ಅನಿಸುವುದಿಲ್ಲ, ಏಕೆಂದರೆ ಬದಲಿಸಿದರೆ ಸಿಗುವುದು ಏನೂ ಇಲ್ಲ. ಅಮೆರಿಕದಲ್ಲಿ ವಲಯಗಳ ಜಾಗದಲ್ಲಿ ಕಾನ್ಫರೆನ್ಸ್‌ಗಳಿವೆ. ಹತ್ತು ಹನ್ನೆರಡು ವಿಶ್ವವಿದ್ಯಾಲಯಗಳು ತಾವೇ ಸೇರಿ ಕಟ್ಟಿಕೊಂಡ ಒಕ್ಕೂಟಗಳು ಇವು. ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಸ್ಥೆ ಇದೆ ನಿಜ, ಆದರೆ ಅದರ ಮುಖ್ಯ ಆದಾಯ ಮಾರ್ಚ್ ತಿಂಗಳ ಬಾಸ್ಕೆಟ್‌ಬಾಲ್ ಪಂದ್ಯಾವಳಿಯಿಂದ ಬರುತ್ತದೆ. ಫುಟ್‌ಬಾಲ್‌ನ ದೊಡ್ಡ ಹಣ ಅದರ ಕೈಯಲ್ಲಿಲ್ಲ, ಒಕ್ಕೂಟಗಳ ಕೈಯಲ್ಲಿದೆ. ಯಾರು ಯಾವ ಒಕ್ಕೂಟಕ್ಕೆ ಸೇರಬೇಕು ಎಂದು ಹೇಳುವ ಅಧಿಕಾರವೂ ಅದಕ್ಕಿಲ್ಲ.

ಫುಟ್‌ಬಾಲ್ ಎಂದಾಗ ನಾನು ಹೇಳುತ್ತಿರುವುದು ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡು ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್. ಕಾಲೇಜು ಹುಡುಗರ ಆಟ ಎಂದರೆ ಸಣ್ಣ ಮೈದಾನ, ಗೆಳೆಯರ ಚಪ್ಪಾಳೆ ಎಂದುಕೊಳ್ಳಬೇಡಿ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,601 ಆಸನಗಳಿವೆ. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಎರಡು ಪಟ್ಟಿಗೂ ಹೆಚ್ಚು. ಲಕ್ಷ ಮೀರಿದ ಇಂತಹ ಕ್ರೀಡಾಂಗಣಗಳು ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಅರ್ಧ ಡಜನ್‌ಗೂ ಹೆಚ್ಚಿವೆ. ಬಹುಪಾಲು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ರಾಜ್ಯಪಾಲರೂ ಅಲ್ಲ, ಮುಖ್ಯ ನ್ಯಾಯಾಧೀಶರೂ ಅಲ್ಲ. ಸರ್ಕಾರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬಾಸ್ಕೆಟ್‌ಬಾಲ್ ತರಬೇತುದಾರ.

ಹಣದ ಬಾಗಿಲು ತೆರೆದದ್ದು 1984ರಲ್ಲಿ. ಅದಕ್ಕೂ ಮೊದಲು ಯಾವ ಪಂದ್ಯ ಟಿವಿಯಲ್ಲಿ ಬರಬೇಕು, ಒಂದು ತಂಡ ಎಷ್ಟು ಸಲ ತೆರೆಯ ಮೇಲೆ ಕಾಣಿಸಿಕೊಳ್ಳಬಹುದು ಎಂಬುದನ್ನೆಲ್ಲ ಎನ್‌ಸಿಎಎ ನಿರ್ಧರಿಸುತ್ತಿತ್ತು. ಒಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವು. ಇದು ಪೈಪೋಟಿಯನ್ನು ಹತ್ತಿಕ್ಕುವ ಏಕಸ್ವಾಮ್ಯ ಎಂದು ಸುಪ್ರೀಂ ಕೋರ್ಟ್ ಏಳಕ್ಕೆ ಎರಡರ ಬಹುಮತದಿಂದ ತೀರ್ಪು ಕೊಟ್ಟಿತು. ಭಿನ್ನಮತ ಬರೆದವರು ನ್ಯಾಯಮೂರ್ತಿ ಬೈರನ್ ವೈಟ್. ಅವರೇ 1930ರ ದಶಕದಲ್ಲಿ ಕೊಲರಾಡೋ ವಿಶ್ವವಿದ್ಯಾಲಯದ ಹೆಸರಾಂತ ಫುಟ್‌ಬಾಲ್ ಆಟಗಾರ. ಕಾಲೇಜು ಕ್ರೀಡೆಯನ್ನು ಬರೀ ವ್ಯಾಪಾರದ ಅಳತೆಗೋಲಿನಿಂದ ನೋಡಬಾರದು, ಶಿಕ್ಷಣದ ಭಾಗವಾಗಿಯೂ ಅದಕ್ಕೊಂದು ಬದುಕಿದೆ ಎಂಬುದು ಅವರ ವಾದದ ತಿರುಳು. ಕಾನೂನಿನ ಪ್ರಕಾರ ಬಹುಮತದ ತೀರ್ಪು ಸರಿಯಾಗಿಯೇ ಇದ್ದಿರಬಹುದು. ಆದರೆ ಮುಂದೇನಾಗುತ್ತದೆ ಎಂಬುದನ್ನು ಅಂದು ಹೆಚ್ಚು ಸ್ಪಷ್ಟವಾಗಿ ಕಂಡವರು ವೈಟ್ ಎಂದು ನಾನು ನಂಬಿದ್ದೇನೆ. 2023ರ ಜುಲೈನಲ್ಲಿ ಪ್ಯಾಕ್-12ರಿಂದ ಆ ವರ್ಷ ಮೊದಲು ಕಾಲ್ತೆಗೆದದ್ದು ಅವರು ಆಡಿದ್ದ ಕೊಲರಾಡೋವೇ.

ತೀರ್ಪಿನ ನಂತರ ಒಕ್ಕೂಟಗಳು ತಮ್ಮ ಪಂದ್ಯಗಳನ್ನು ತಾವೇ ಮಾರತೊಡಗಿದವು. 1990ರ ದಶಕದಲ್ಲಿ ಮೊದಲ ಸುತ್ತಿನ ಕದಲಿಕೆ ಶುರುವಾಯಿತು. ಟೆಕ್ಸಸ್ ರಾಜ್ಯದ ಹಳೆಯ ಸೌತ್‌ವೆಸ್ಟ್ ಕಾನ್ಫರೆನ್ಸ್ 1996ರಲ್ಲಿ ಮುಚ್ಚಿಹೋಯಿತು. ಅದರ ನಾಲ್ಕು ತಂಡಗಳು ಉತ್ತರದ ಎಂಟು ತಂಡಗಳ ಜೊತೆ ಸೇರಿ ಬಿಗ್ 12 ಆಯಿತು. ಉಳಿದ ನಾಲ್ಕು ತಂಡಗಳು ಎಲ್ಲೆಲ್ಲೋ ಚದುರಿದವು.

ಎರಡನೆಯ ಸುತ್ತು 2010ರ ನಂತರದ್ದು. ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಹಣ ಎಲ್ಲಿಂದ ಬರುತ್ತದೆ ಎಂಬ ಲೆಕ್ಕ ಇಲ್ಲಿ ಚೆನ್ನಾಗಿ ಕಾಣುತ್ತದೆ. ಬಿಗ್ ಟೆನ್ ಒಕ್ಕೂಟ 2007ರಲ್ಲಿ ತನ್ನದೇ ಕೇಬಲ್ ಚಾನೆಲ್ ಆರಂಭಿಸಿತ್ತು. ಒಕ್ಕೂಟದ ತಂಡ ಇರುವ ರಾಜ್ಯದಲ್ಲಿ ಪ್ರತಿ ಕೇಬಲ್ ಮನೆಯಿಂದಲೂ ಆ ಚಾನೆಲ್‌ಗೆ ತಿಂಗಳಿಗೆ ಹೆಚ್ಚಿನ ದರ ಸಿಗುತ್ತಿತ್ತು. ಹೊರಗಿನ ರಾಜ್ಯಗಳಲ್ಲಿ ಕೆಲವು ಸೆಂಟ್ ಮಾತ್ರ. ಆ ಮನೆಯವರು ಆಟ ನೋಡಲಿ, ಬಿಡಲಿ, ದುಡ್ಡು ಮಾತ್ರ ಬರುತ್ತಿತ್ತು. ಹಾಗಾಗಿ 2014ರಲ್ಲಿ ಬಿಗ್ ಟೆನ್ ಸೇರಿಸಿಕೊಂಡದ್ದು ಮೇರಿಲ್ಯಾಂಡ್ ಮತ್ತು ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯಗಳನ್ನು. ಇವೆರಡೂ ಫುಟ್‌ಬಾಲ್‌ನ ದಿಗ್ಗಜರೇನಲ್ಲ. ಆದರೆ ಒಂದು ವಾಷಿಂಗ್ಟನ್ ಡಿ.ಸಿ. ಪಕ್ಕದಲ್ಲಿದೆ, ಇನ್ನೊಂದು ನ್ಯೂಯಾರ್ಕ್ ಪಕ್ಕದಲ್ಲಿದೆ. ಬೇಕಾಗಿದ್ದದ್ದು ಅಲ್ಲಿನ ಕೇಬಲ್ ಮನೆಗಳು. ಹಳೆಯ ಒಕ್ಕೂಟದಿಂದ ಬಿಡಿಸಿಕೊಳ್ಳಲು ಮೇರಿಲ್ಯಾಂಡ್ 3.14 ಕೋಟಿ ಡಾಲರ್ ಬಿಟ್ಟುಕೊಟ್ಟಿತು. ಹೊಸ ಮನೆಯಲ್ಲಿ ಅದಕ್ಕಿಂತ ಬಹಳ ಹೆಚ್ಚು ಸಿಗುತ್ತದೆ ಎಂಬ ಲೆಕ್ಕದಿಂದಲೇ ಅದು ಇಷ್ಟಕ್ಕೂ ಒಪ್ಪಿದ್ದು.

ಅಷ್ಟರಲ್ಲಿ ಜನ ಕೇಬಲ್ ಕಿತ್ತುಹಾಕಿ ಮೊಬೈಲ್‌ನಲ್ಲಿ, ಇಂಟರ್‌ನೆಟ್‌ನಲ್ಲಿ ನೋಡತೊಡಗಿದರು. ಮನೆಗಳ ಎಣಿಕೆಗೆ ಬೆಲೆ ಇಳಿಯಿತು. ಆದರೆ ಧಾರಾವಾಹಿ, ಸಿನಿಮಾಗಳನ್ನು ಯಾವಾಗ ಬೇಕಾದರೂ ನೋಡುವ ಜನ ಪಂದ್ಯವನ್ನು ಮಾತ್ರ ನಡೆಯುವಾಗಲೇ ನೋಡುತ್ತಾರೆ, ನಡುವೆ ಬರುವ ಜಾಹೀರಾತನ್ನೂ ನೋಡುತ್ತಾರೆ. ಐಪಿಎಲ್‌ನ ಐದು ವರ್ಷಗಳ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹೋದದ್ದು ನಿಮಗೆ ನೆನಪಿರಬಹುದು. ಕಾರಣ ಅಲ್ಲಿಯೂ ಇದೇ. ಹಾಗಾಗಿ ಮೂರನೆಯ ಸುತ್ತಿನಲ್ಲಿ ಒಕ್ಕೂಟಗಳು ದೊಡ್ಡ ಊರುಗಳನ್ನು ಬಿಟ್ಟು ದೊಡ್ಡ ಹೆಸರುಗಳನ್ನು ಹುಡುಕಿದವು. ದೇಶದಾದ್ಯಂತ ಜನ ಕೂತು ನೋಡುವ ತಂಡ ಯಾವುದು? ಟೆಕ್ಸಸ್, ಒಕ್ಲಹೋಮಾ, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅಂದರೆ ಯುಎಸ್‌ಸಿ.

2021ರ ಜುಲೈನಲ್ಲಿ ಟೆಕ್ಸಸ್ ಮತ್ತು ಒಕ್ಲಹೋಮಾ ಬಿಗ್ 12 ಬಿಟ್ಟು ದಕ್ಷಿಣದ ಎಸ್‌ಇಸಿ ಒಕ್ಕೂಟಕ್ಕೆ ಹೋಗುವುದಾಗಿ ತಿಳಿಸಿದವು. ಒಪ್ಪಂದ ಮುಗಿಯುವ ಮೊದಲೇ ಹೊರಡಲು ಎರಡೂ ಸೇರಿ ಬಿಟ್ಟುಕೊಟ್ಟ ಮೊತ್ತ 10 ಕೋಟಿ ಡಾಲರ್. ಎಸ್‌ಇಸಿಯ ಮುಖ್ಯ ಪಂದ್ಯಗಳಿಗೆ ಸಿಬಿಎಸ್ ವಾಹಿನಿ ವರ್ಷಕ್ಕೆ ಸುಮಾರು 5.5 ಕೋಟಿ ಡಾಲರ್ ಕೊಡುತ್ತಿತ್ತು. ಅದೇ ಪಂದ್ಯಗಳನ್ನು ಇಎಸ್‌ಪಿಎನ್ ಹತ್ತು ವರ್ಷಕ್ಕೆ 300 ಕೋಟಿ ಡಾಲರ್ ಎಂದು ಕೊಂಡಿತ್ತು. ವರ್ಷಕ್ಕೆ 30 ಕೋಟಿ. ಒಂದೇ ಒಪ್ಪಂದದಲ್ಲಿ ಬೆಲೆ ಐದು ಪಟ್ಟು ದಾಟಿತು. ಇಂತಹ ಸಂಖ್ಯೆಯನ್ನು ಕಂಡ ಮೇಲೆ ಬೇರೆ ಒಕ್ಕೂಟಗಳಲ್ಲಿ ಯಾರಿಗೆ ತಾನೇ ನಿದ್ದೆ ಬಂದೀತು?

ಹೆದರಿದ ಬಿಗ್ ಟೆನ್, ಪೂರ್ವ ಕರಾವಳಿಯ ಎಸಿಸಿ, ಪ್ಯಾಕ್-12 ಮೂರೂ ಸೇರಿ ಅದೇ ಆಗಸ್ಟ್‌ನಲ್ಲಿ ಒಂದು ಮೈತ್ರಿ ಸಾರಿದವು. ಸಹಿ ಇರುವ ಕಾಗದ ಇರಲಿಲ್ಲ. ಪರಸ್ಪರ ನಂಬಿಕೆಯೇ ಸಾಕು ಎಂದರು. ಆ ಮೈತ್ರಿಯ ಬೆನ್ನಿಗೆ ಪ್ಯಾಕ್-12 ಇನ್ನೊಂದು ನಿರ್ಧಾರವನ್ನೂ ಮಾಡಿತು: ಬಿಗ್ 12ರಲ್ಲಿ ಒಂಟಿಯಾಗಿ ಉಳಿದ ಎಂಟು ತಂಡಗಳಲ್ಲಿ ಯಾವುದನ್ನೂ ನಾವು ಸೇರಿಸಿಕೊಳ್ಳುವುದಿಲ್ಲ. ಹತ್ತು ತಿಂಗಳು ಕಳೆಯಿತು. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ ಎರಡೂ ಬಿಗ್ ಟೆನ್‌ಗೆ ಹೊರಟವು. ಮೈತ್ರಿಯ ಪಾಲುದಾರನೇ ಮನೆಯ ದೊಡ್ಡ ಇಬ್ಬರನ್ನು ಕರೆದೊಯ್ದಿದ್ದ. ಒಂದೂವರೆ ತಿಂಗಳಲ್ಲಿ ಬಿಗ್ ಟೆನ್ ಫಾಕ್ಸ್, ಸಿಬಿಎಸ್, ಎನ್‌ಬಿಸಿ ವಾಹಿನಿಗಳ ಜೊತೆ ಏಳು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಮೊತ್ತ 700 ಕೋಟಿ ಡಾಲರ್‌ಗೂ ಹೆಚ್ಚು.

ಯುಸಿಎಲ್‌ಎ ಹೋದದ್ದು ಏಕೆ ಎಂದು ಕೇಳಿದರೆ ಉತ್ತರ ಸರಳ: ಸಾಲ. ಹಿಂದಿನ ಮೂರು ವರ್ಷಗಳಲ್ಲಿ ಅದರ ಕ್ರೀಡಾ ವಿಭಾಗ ಸುಮಾರು 10 ಕೋಟಿ ಡಾಲರ್ ಕೊರತೆಯಲ್ಲಿ ಮುಳುಗಿತ್ತು. ಹಣ ಬರದಿದ್ದರೆ ಈಜು, ಟೆನ್ನಿಸ್, ವಾಟರ್ ಪೋಲೊ ತಂಡಗಳನ್ನು ಮುಚ್ಚಬೇಕಾದೀತು ಎಂಬುದು ಅವರ ವಾದ. ಆ ವಾದವನ್ನು ಸುಳ್ಳು ಎಂದು ತಳ್ಳಿಹಾಕುವಂತಿಲ್ಲ. ಆದರೆ ಅದೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ವ್ಯವಸ್ಥೆಗೆ ಸೇರಿದ ಬರ್ಕ್ಲಿಯ ಗತಿ? ಬರ್ಕ್ಲಿಯ ಕಥೆ ಕೇಳಿ. ಅದರ ಫುಟ್‌ಬಾಲ್ ಕ್ರೀಡಾಂಗಣ ಹೇವರ್ಡ್ ಬಿರುಕಿನ ಮೇಲೆಯೇ ಕೂತಿದೆ. ನೆಲದಡಿಯ ಭೂಕಂಪ ರೇಖೆ ಮೈದಾನದ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾದುಹೋಗುತ್ತದೆ. ಅದನ್ನು ಭದ್ರಪಡಿಸಿ 2012ರಲ್ಲಿ ಮತ್ತೆ ತೆರೆದಾಗ ತಲೆಯ ಮೇಲೆ 40 ಕೋಟಿ ಡಾಲರ್‌ಗೂ ಮೀರಿದ ಸಾಲ ಕೂತಿತ್ತು. ಇಂತಹ ಸಾಲ ಹೊತ್ತವರಿಗೆ ಪ್ಯಾಕ್-12ರ ಟಿವಿ ಪಾಲು ದೊಡ್ಡ ಆಸರೆ. ಯುಸಿಎಲ್‌ಎ ಹೊರಟರೆ ಆ ಪಾಲು ಕುಸಿಯುತ್ತದೆ. ಎರಡನ್ನೂ ಆಳುವ ಆಡಳಿತ ಮಂಡಳಿ ಒಂದೇ ಆದ್ದರಿಂದ, ಯುಸಿಎಲ್‌ಎ ವರ್ಷಕ್ಕೆ 1 ಕೋಟಿ ಡಾಲರ್ ಬರ್ಕ್ಲಿಗೆ ಕೊಡಬೇಕೆಂದು ಅದು ಕೊನೆಗೆ ನಿರ್ಧರಿಸಿತು. ಒಬ್ಬರ ಲಾಭ ಇನ್ನೊಬ್ಬರ ನಷ್ಟ ಎಂಬುದನ್ನು ಇಡೀ ಪ್ರಕರಣದಲ್ಲಿ ಲೆಕ್ಕಪತ್ರದ ಮೇಲೆ ಬರೆದು ಒಪ್ಪಿಕೊಂಡದ್ದು ಇದೊಂದೇ ಕಡೆ. ಇತರರಿಗೆ ಇಂತಹ ರಕ್ಷಣೆ ಇರಲಿಲ್ಲ.

ಈಗ ಉಳಿದ ಹತ್ತು ತಂಡಗಳ ಮುಂದಿದ್ದ ದಾರಿ. ಇಎಸ್‌ಪಿಎನ್ ಪ್ರತಿ ತಂಡಕ್ಕೆ ವರ್ಷಕ್ಕೆ 3 ಕೋಟಿ ಡಾಲರ್ ಕೊಡಲು ಮುಂದೆ ಬಂದಿತ್ತು, ಅಧ್ಯಕ್ಷರು 5 ಕೋಟಿ ಕೇಳಿದರು, ಮಾತು ಅಲ್ಲಿಗೇ ಮುರಿಯಿತು ಎಂದು ನಂತರ ಪತ್ರಿಕೆಗಳು ವರದಿ ಮಾಡಿದವು. ಅಷ್ಟರಲ್ಲಿ, 2022ರ ಅಕ್ಟೋಬರ್‌ನಲ್ಲಿ, ಬಿಗ್ 12 ಚುರುಕಾಗಿ ಮುನ್ನುಗ್ಗಿ ಪ್ರತಿ ತಂಡಕ್ಕೆ ಸರಾಸರಿ 3.17 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡಿತು. ಮಾರುಕಟ್ಟೆಯಲ್ಲಿ ಇದ್ದ ಹಣ, ಇದ್ದ ಸಮಯ ಎರಡೂ ಅಲ್ಲಿ ಖರ್ಚಾದವು. ಒಂಬತ್ತು ತಿಂಗಳ ನಂತರ ಪ್ಯಾಕ್-12ರ ಮುಂದೆ ಬಂದದ್ದು ಆ್ಯಪಲ್ ಕಂಪನಿಯ ಪ್ರಸ್ತಾವ. ಖಚಿತ ಮೊತ್ತ ಕಡಿಮೆ. ಚಂದಾದಾರರು ಹೆಚ್ಚಿದರೆ ಪಾಲೂ ಹೆಚ್ಚುತ್ತದೆ. ಪಂದ್ಯಗಳು ಟಿವಿಯಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ.

ಇಲ್ಲಿ ಬರೀ ದುರಾಸೆಯ ಮಾತನ್ನಾಡಿ ಮುಗಿಸುವುದು ಸುಲಭ. ನನಗೆ ಅದು ಪೂರ್ಣ ಸತ್ಯ ಎನಿಸುವುದಿಲ್ಲ. ಒರೆಗಾನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್‌ಗೆ ಹೋದದ್ದು ಪೂರ್ಣ ಪಾಲಿಗಲ್ಲ. ಹಳೆಯ ಸದಸ್ಯರಿಗೆ 6 ಕೋಟಿ ಡಾಲರ್ ಮೀರುವ ಕಡೆ ಇವರಿಗೆ ಆರಂಭದಲ್ಲಿ ಸುಮಾರು 3 ಕೋಟಿ. ಅರ್ಧ ಪಾಲಿಗೂ ಒಪ್ಪಿಕೊಂಡು ಹೋದರು ಎಂದರೆ ಅವರನ್ನು ಓಡಿಸಿದ್ದು ಭಯ. ಪಕ್ಕದವನು ಇವತ್ತು ರಾತ್ರಿ ಹೊರಟುಬಿಟ್ಟರೆ ನಾಳೆ ಬೆಳಿಗ್ಗೆ ಕೊನೆಯಲ್ಲಿ ಉಳಿಯುವವನು ನಾನೇ ಎಂಬ ಭಯ. ಒಂಬತ್ತೂ ತಂಡಗಳು ಉಳಿದಿದ್ದರೆ ಎಲ್ಲರಿಗೂ ಬದುಕುವಷ್ಟು ಸಿಗುತ್ತಿತ್ತು. ಆದರೆ ಬೇರೆಯವರು ಉಳಿಯುತ್ತಾರೆಂಬ ನಂಬಿಕೆ ಯಾರಿಗೂ ಉಳಿದಿರಲಿಲ್ಲ. ಎರಡು ವರ್ಷದ ಹಿಂದಿನ ಸಹಿಯಿಲ್ಲದ ಮೈತ್ರಿ ಆ ನಂಬಿಕೆಯನ್ನು ಕೊಂದಿತ್ತು.

ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಸೆಪ್ಟೆಂಬರ್ 1ರಂದು ಎಸಿಸಿ ಸೇರಿದವು. ಆ ಹೆಸರನ್ನು ಬಿಡಿಸಿ ಓದಿ: ಅಟ್ಲಾಂಟಿಕ್ ಕರಾವಳಿಯ ಒಕ್ಕೂಟ. ಪೆಸಿಫಿಕ್ ಸಾಗರದ ಗಾಳಿ ಕುಡಿಯುವ ಎರಡು ವಿಶ್ವವಿದ್ಯಾಲಯಗಳು ಅದಕ್ಕೆ ಸೇರಿದ್ದು ಮೊದಲ ಹಲವು ವರ್ಷ ಶೇಕಡ 30ರಷ್ಟು ಪಾಲು ಸಾಕು ಎಂದು ಒಪ್ಪಿಕೊಂಡು. ಜೊತೆಗೆ ಸೇರಿದ ಡಲ್ಲಾಸ್‌ನ ಎಸ್‌ಎಂಯು ಒಂಬತ್ತು ವರ್ಷ ಟಿವಿ ಪಾಲೇ ಬೇಡ ಎಂದಿತು. ಅದರ ಹಳೆಯ ವಿದ್ಯಾರ್ಥಿಗಳಲ್ಲಿ ಎಣ್ಣೆ, ಜಮೀನಿನ ಶ್ರೀಮಂತರಿದ್ದಾರೆ. ಆ ಹಣವನ್ನು ಅವರೇ ತುಂಬಿಕೊಡುತ್ತಾರೆ.

ಕೊನೆಯಲ್ಲಿ ಉಳಿದವು ಎರಡು: ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್. ಇವುಗಳ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಹೇಳಬೇಕು ಎನಿಸುತ್ತದೆ.

ವಾಷಿಂಗ್ಟನ್ ಸ್ಟೇಟ್ ಇರುವುದು ಪುಲ್ಮನ್ ಎಂಬ ಪುಟ್ಟ ಊರಿನಲ್ಲಿ. ಜನಸಂಖ್ಯೆ ಮೂವತ್ತು ಸಾವಿರದ ಆಸುಪಾಸು. ಸಿಯಾಟಲ್‌ನಿಂದ ಕಾರಿನಲ್ಲಿ ಸುಮಾರು ಐದು ಗಂಟೆ. ಕೊನೆಯ ಒಂದು ಗಂಟೆ ರಸ್ತೆಯ ಎರಡೂ ಬದಿ ಗೋಧಿ ಹೊಲಗಳು, ಉಬ್ಬಿ ತಗ್ಗುವ ದಿಣ್ಣೆಗಳು. ಬೇಸಿಗೆಯ ಕೊನೆಯಲ್ಲಿ ಹೋದರೆ ದಿಗಂತದವರೆಗೂ ಹೊಂಬಣ್ಣ. ಪಂದ್ಯದ ಶನಿವಾರ ಅಲ್ಲಿಗೆ ಕಡುಗೆಂಪು ಬಾವುಟ ಕಟ್ಟಿದ ಗಾಡಿಗಳು ಸಾಲುಗಟ್ಟುತ್ತವೆ. ಕ್ರೀಡಾಂಗಣದಲ್ಲಿ ಹಿಡಿಸುವುದೇ ಹೆಚ್ಚುಕಡಿಮೆ ಊರಿನ ಜನಸಂಖ್ಯೆಯಷ್ಟು. ವಿಶ್ವವಿದ್ಯಾಲಯದ ಡೇರಿಯಲ್ಲಿ ವಿದ್ಯಾರ್ಥಿಗಳೇ ತಯಾರಿಸುವ, ದುಂಡನೆಯ ತಗಡಿನ ಡಬ್ಬಿಯಲ್ಲಿ ಬರುವ ಚೀಸ್ ಕೊಳ್ಳದೆ ಹಳೆಯ ವಿದ್ಯಾರ್ಥಿಗಳು ಊರು ಬಿಡುವುದಿಲ್ಲ. ಅಲ್ಲಿನ ಹೋಟೆಲ್, ಊಟದ ಮನೆಗಳಿಗೆ ವರ್ಷದಲ್ಲಿ ಬರುವ ಆರೇಳು ತವರು ಪಂದ್ಯಗಳ ವಾರಾಂತ್ಯವೇ ದೊಡ್ಡ ಸುಗ್ಗಿ. ಇಎಸ್‌ಪಿಎನ್‌ನ ಶನಿವಾರ ಬೆಳಗಿನ ಕಾಲೇಜು ಫುಟ್‌ಬಾಲ್ ಕಾರ್ಯಕ್ರಮ ದೇಶದ ಯಾವ ಮೂಲೆಯಿಂದ ಬಂದರೂ ಹಿಂದಿನ ಜನಸಂದಣಿಯಲ್ಲಿ ವಾಷಿಂಗ್ಟನ್ ಸ್ಟೇಟ್‌ನ ಒಂದು ಬಾವುಟ ಹಾರಾಡುತ್ತದೆ. 2003ರಿಂದ ಹಳೆಯ ವಿದ್ಯಾರ್ಥಿಗಳು ಇದನ್ನು ಒಂದು ವಾರವೂ ತಪ್ಪಿಸದೆ ನಡೆಸಿಕೊಂಡು ಬಂದಿದ್ದಾರೆ. ಇಂತಹ ಅಭಿಮಾನಕ್ಕೆ ಟಿವಿ ಕಂಪನಿಯ ಲೆಕ್ಕದಲ್ಲಿ ಜಾಗವಿಲ್ಲ, ಏಕೆಂದರೆ ಅದು ಎಣಿಸುವುದು ಎಷ್ಟು ಜನ ನೋಡುತ್ತಾರೆ ಎಂಬುದನ್ನು, ಎಷ್ಟು ಪ್ರೀತಿಸುತ್ತಾರೆ ಎಂಬುದನ್ನಲ್ಲ.

ಒರೆಗಾನ್ ಸ್ಟೇಟ್ ತನ್ನ ಕ್ರೀಡಾಂಗಣವನ್ನು 16 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡಿ ನವೀಕರಿಸಿತ್ತು. ಅದು ಪೂರ್ಣಗೊಂಡು ಪಂದ್ಯಕ್ಕೆ ತೆರೆದದ್ದು 2023ರ ಸೆಪ್ಟೆಂಬರ್‌ನಲ್ಲಿ. ಒಕ್ಕೂಟ ಕುಸಿದು ಆಗಿನ್ನೂ ಒಂದು ತಿಂಗಳು. ಅದೇ ದಿನ ಪುಲ್ಮನ್‌ನಲ್ಲಿ ವಾಷಿಂಗ್ಟನ್ ಸ್ಟೇಟ್ ತಂಡ ಬಿಗ್ ಟೆನ್‌ನ ವಿಸ್ಕಾನ್ಸಿನ್ ತಂಡವನ್ನು 31-22ರಿಂದ ಸೋಲಿಸಿತು. ಆಟದಲ್ಲಿ ಕಡಿಮೆ ಇದ್ದುದರಿಂದ ಇವರನ್ನು ಬಿಟ್ಟುಹೋದರು ಎಂದು ಯಾರೂ ಹೇಳುವಂತಿರಲಿಲ್ಲ.

ಹೊರಟ ಹತ್ತು ತಂಡಗಳಿಗೆ ಒಕ್ಕೂಟದ ಖಜಾನೆಯ ಮೇಲೆ ಮತ ಹಾಕುವ ಹಕ್ಕು ಇನ್ನೂ ಇದೆಯೇ ಎಂಬ ಪ್ರಶ್ನೆ ಎದ್ದಿತು. ಉಳಿದ ಇಬ್ಬರು ಪುಲ್ಮನ್ ಇರುವ ವಿಟ್‌ಮನ್ ಕೌಂಟಿಯ ನ್ಯಾಯಾಲಯಕ್ಕೆ ಹೋದರು. ಕೋಲ್‌ಫ್ಯಾಕ್ಸ್ ಎಂಬ, ಮೂರು ಸಾವಿರ ಜನರೂ ಇಲ್ಲದ ಊರಿನ ನ್ಯಾಯಾಲಯ. ಲಾಸ್ ಏಂಜಲೀಸ್, ಸಿಯಾಟಲ್‌ನ ವಕೀಲರೆಲ್ಲ ಅಲ್ಲಿ ಉತ್ತರ ಕೊಡಬೇಕಾಯಿತು. ಹೋಗುವವರಿಗೆ ಹಕ್ಕಿಲ್ಲ, ಆಡಳಿತ ಮಂಡಳಿ ಈ ಇಬ್ಬರದ್ದೇ ಎಂದು ನವೆಂಬರ್‌ನಲ್ಲಿ ನ್ಯಾಯಾಧೀಶರು ಆದೇಶಿಸಿದರು. ರಾಜ್ಯದ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲಿಲ್ಲ. ಕೊನೆಗೆ ರಾಜಿಯಾಗಿ, ಹೊರಟವರ ಪಾಲಿನಿಂದ ಒಟ್ಟು 6.5 ಕೋಟಿ ಡಾಲರ್ ಹಿಡಿದುಕೊಳ್ಳಲಾಯಿತು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಮನಸ್ಸಿಗೆ ಸಮಾಧಾನ ಕೊಡುವ ಒಂದು ಅಧ್ಯಾಯ ಇದು.

ಹಣ ಉಳಿಯಿತು, ತಂಡ ಉಳಿಯಲಿಲ್ಲ. ಒರೆಗಾನ್ ಸ್ಟೇಟ್‌ನ ತರಬೇತುದಾರ ಜೊನಾಥನ್ ಸ್ಮಿತ್ ಅದೇ ಕಾಲೇಜಿನ ಹಳೆಯ ಆಟಗಾರ. ಆ ನವೆಂಬರ್‌ನಲ್ಲೇ ಮಿಷಿಗನ್ ಸ್ಟೇಟ್‌ಗೆ ಹೋದರು. ವಾಷಿಂಗ್ಟನ್ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವ ಮುಖ್ಯ ಆಟಗಾರ) ಕ್ಯಾಮ್ ವಾರ್ಡ್ ಮಯಾಮಿ ವಿಶ್ವವಿದ್ಯಾಲಯಕ್ಕೆ ಹೋದ. 2025ರ ವೃತ್ತಿಪರ ಲೀಗ್‌ನ ಆಯ್ಕೆಯಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವನು ಅವನೇ. ಆಟಗಾರರನ್ನು ನಾನು ದೂರುವುದಿಲ್ಲ. ಅಧ್ಯಕ್ಷರು ಹೋಗಬಹುದು, ಇಪ್ಪತ್ತರ ಹುಡುಗ ಮಾತ್ರ ನಿಷ್ಠೆಯಿಂದ ಇರಬೇಕು ಎಂದರೆ ಅದು ನ್ಯಾಯವಲ್ಲ.

2024ರ ಹಂಗಾಮಿನಲ್ಲಿ ಆಡಲು ಎದುರಾಳಿಗಳು ಬೇಕಲ್ಲ? ಪಕ್ಕದ ಮೌಂಟನ್ ವೆಸ್ಟ್ ಒಕ್ಕೂಟಕ್ಕೆ 1.4 ಕೋಟಿ ಡಾಲರ್ ಕೊಟ್ಟು ಪಂದ್ಯಗಳನ್ನು ಕೊಂಡರು. ಅದೇ ಒಪ್ಪಂದದಲ್ಲಿ, ಮುಂದೆ ನಮ್ಮ ತಂಡಗಳನ್ನು ನೀವು ಸೆಳೆದುಕೊಂಡರೆ ದಂಡ ತೆರಬೇಕು ಎಂಬ ಷರತ್ತೂ ಇತ್ತು. ಅದೇ ಸೆಪ್ಟೆಂಬರ್‌ನಲ್ಲಿ ಪ್ಯಾಕ್-12 ಅಲ್ಲಿಂದ ಐದು ತಂಡಗಳನ್ನು ಸೆಳೆದುಕೊಂಡಿತು: ಬಾಯ್ಸಿ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಕೊಲರಾಡೋ ಸ್ಟೇಟ್, ಯೂಟಾ ಸ್ಟೇಟ್. ದಂಡ 5.5 ಕೋಟಿ ಡಾಲರ್ ಕೊಡಿ ಎಂದಾಗ, ಈ ಷರತ್ತೇ ಕಾನೂನಿಗೆ ವಿರುದ್ಧ ಎಂದು ಪ್ಯಾಕ್-12 ನ್ಯಾಯಾಲಯಕ್ಕೆ ಹೋಯಿತು. ನಿನ್ನೆ ತಮ್ಮ ಮೇಲೆ ನಡೆದದ್ದನ್ನು ಇವರು ಇವತ್ತು ಇನ್ನೊಬ್ಬರ ಮೇಲೆ ನಡೆಸಿದರು. ಇವರ ನೋವಿನ ಬಗ್ಗೆ ಇಷ್ಟು ಹೊತ್ತು ಮಾತನಾಡಿದ ನಾನು ಇದನ್ನೂ ಹೇಳಲೇಬೇಕು. ಬದುಕಬೇಕಾದರೆ ಬೇರೆ ದಾರಿ ಇರಲಿಲ್ಲ ಎಂಬುದು ನಿಜ. ಅದೇ ಮಾತನ್ನು 2022ರಲ್ಲಿ ಯುಸಿಎಲ್‌ಎ ಕೂಡ ಹೇಳಿತ್ತು.

ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವ ವಿಷಯಕ್ಕೆ ಈಗ ಬರುತ್ತೇನೆ. ಹಳೆಯ ಪ್ಯಾಕ್-12ರ ಭೂಪಟವನ್ನು ಕಣ್ಣ ಮುಂದೆ ತಂದುಕೊಳ್ಳಿ. ವಾಷಿಂಗ್ಟನ್‌ನಲ್ಲಿ ಎರಡು, ಒರೆಗಾನ್‌ನಲ್ಲಿ ಎರಡು, ಬೇ ಏರಿಯಾದಲ್ಲಿ ಎರಡು, ಲಾಸ್ ಏಂಜಲೀಸ್‌ನಲ್ಲಿ ಎರಡು, ಅರಿಝೋನಾದಲ್ಲಿ ಎರಡು. 2011ರಲ್ಲಿ ಯೂಟಾ, ಕೊಲರಾಡೋ ಸೇರಿ ಆರನೆಯ ಜೋಡಿಯಾಯಿತು. ಬಾಸ್ಕೆಟ್‌ಬಾಲ್ ತಂಡವೊಂದು ಗುರುವಾರ ಒಂದು ಊರಿನಲ್ಲಿ ಆಡಿ, ಶನಿವಾರ ಅದರ ಜೋಡಿ ಊರಿನಲ್ಲಿ ಆಡಿ ಮನೆಗೆ ಮರಳುತ್ತಿತ್ತು. ಒಂದು ಪ್ರಯಾಣ, ಎರಡು ಪಂದ್ಯ. ವಿದ್ಯಾರ್ಥಿ ಕಳೆದುಕೊಳ್ಳುವ ತರಗತಿಗಳು ಕಡಿಮೆ. ಟಿವಿ ಹಣ ಬರುವುದಕ್ಕೂ ಮೊದಲು, ಕ್ರೀಡೆ ಆಡುವವರು ವಿದ್ಯಾರ್ಥಿಗಳು ಎಂಬುದನ್ನು ನೆನಪಿಟ್ಟುಕೊಂಡವರು ಕಟ್ಟಿದ ವ್ಯವಸ್ಥೆ ಅದು.

ಈಗ ಬಿಗ್ ಟೆನ್‌ನಲ್ಲಿ ಹದಿನೆಂಟು ತಂಡಗಳಿವೆ. ಸಿಯಾಟಲ್‌ನಿಂದ ನ್ಯೂಜೆರ್ಸಿಗೆ ವಿಮಾನದ ದಾರಿ ಸುಮಾರು 3,900 ಕಿಲೋಮೀಟರ್. ನಮ್ಮ ದೇಶದ ದಕ್ಷಿಣೋತ್ತರ ಉದ್ದ ಇರುವುದೇ ಸುಮಾರು 3,200. ಬರ್ಕ್ಲಿ, ಸ್ಟ್ಯಾನ್‌ಫರ್ಡ್ ಸೇರಿದ ಎಸಿಸಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬಾಸ್ಟನ್‌ಗೆ 4,300 ದಾಟುತ್ತದೆ. ಮೂರು ಗಂಟೆಯ ಕಾಲಮಾನ ವ್ಯತ್ಯಾಸ ಬೇರೆ. ಸಿಯಾಟಲ್‌ನ ವಾಲಿಬಾಲ್ ಹುಡುಗಿಯೊಬ್ಬಳು ಶುಕ್ರವಾರ ನ್ಯೂಜೆರ್ಸಿಯಲ್ಲಿ ಆಡಬೇಕಾದರೆ ಗುರುವಾರವೇ ಹೊರಡಬೇಕು. ಭಾನುವಾರ ಇನ್ನೊಂದು ಪಂದ್ಯ ಮುಗಿಸಿ ಮನೆ ತಲುಪುವಾಗ ನಡುರಾತ್ರಿ. ಸೋಮವಾರ ಬೆಳಿಗ್ಗೆ ರಸಾಯನಶಾಸ್ತ್ರದ ತರಗತಿ.

ಫುಟ್‌ಬಾಲ್ ತಂಡಕ್ಕೆ ಈ ಕಷ್ಟ ಎಷ್ಟು? ಅದು ಹಂಗಾಮಿನಲ್ಲಿ ಆಡುವುದು ಹನ್ನೆರಡು ಪಂದ್ಯ. ಅರ್ಧ ಮನೆಯಲ್ಲಿ, ಅರ್ಧ ಹೊರಗೆ, ಎಲ್ಲವೂ ಹೆಚ್ಚಾಗಿ ಶನಿವಾರ, ಬಾಡಿಗೆ ವಿಮಾನದಲ್ಲಿ. ಬೇಸ್‌ಬಾಲ್, ಸಾಫ್ಟ್‌ಬಾಲ್ ತಂಡಗಳು ಒಂದು ಹಂಗಾಮಿನಲ್ಲಿ ಐವತ್ತಕ್ಕೂ ಹೆಚ್ಚು ಪಂದ್ಯ ಆಡುತ್ತವೆ, ವಾರದ ನಡುವೆಯೂ ಆಡುತ್ತವೆ. ಯಾವ ಆಟದ ಹಣಕ್ಕಾಗಿ ಒಕ್ಕೂಟ ಬದಲಾಯಿತೋ ಆ ಆಟದವರಿಗೆ ದಣಿವು ಕಡಿಮೆ. ಆ ಒಪ್ಪಂದದಲ್ಲಿ ಹೆಸರೇ ಇಲ್ಲದವರಿಗೆ ದಣಿವು ಹೆಚ್ಚು. ಸ್ಟ್ಯಾನ್‌ಫರ್ಡ್‌ನ ಹಳೆಯ, ಈಗಿನ ವಿದ್ಯಾರ್ಥಿಗಳು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 39 ಪದಕ ಗೆದ್ದರು. ಅಲ್ಲಿ ಅಮೆರಿಕನ್ ಫುಟ್‌ಬಾಲ್ ಇರಲೇ ಇಲ್ಲ. ಅಷ್ಟು ಪದಕಗಳನ್ನು ಗೆಲ್ಲುವ ಕ್ರೀಡೆಗಳ ವೇಳಾಪಟ್ಟಿಯನ್ನು ಫುಟ್‌ಬಾಲ್‌ನ ಟಿವಿ ಒಪ್ಪಂದ ಬರೆಯುತ್ತಿದೆ.

ಹಾಗಾಗಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ: ಫುಟ್‌ಬಾಲ್‌ ಅನ್ನು ಬೇರೆ ಮಾಡಿ. ಅದಕ್ಕೆ ರಾಷ್ಟ್ರಮಟ್ಟದ ಲೀಗ್ ಬೇಕಿದ್ದರೆ ಕಟ್ಟಿಕೊಳ್ಳಲಿ, ಸಾವಿರ ಕೋಟಿ ಡಾಲರ್ ಬೇಕಿದ್ದರೂ ಗಳಿಸಲಿ. ಉಳಿದ ಆಟಗಳನ್ನು ನೆರೆಹೊರೆಯ ಒಕ್ಕೂಟಗಳಿಗೆ ಮರಳಿಸಿ. ಇದು ಅಸಾಧ್ಯವೇನಲ್ಲ. ನೋಟ್ರ್ ಡೇಮ್ ವಿಶ್ವವಿದ್ಯಾಲಯ ಫುಟ್‌ಬಾಲ್‌ನಲ್ಲಿ ಸ್ವತಂತ್ರವಾಗಿ, ಎನ್‌ಬಿಸಿ ಜೊತೆ ತನ್ನದೇ ಒಪ್ಪಂದದಲ್ಲಿ ಆಡುತ್ತದೆ. ಅದರ ಬಹುತೇಕ ಇತರ ತಂಡಗಳು ಎಸಿಸಿಯಲ್ಲಿವೆ. ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಕೂಡ ಒಕ್ಕೂಟ ಕುಸಿದ ಮೇಲೆ ತಮ್ಮ ಬಾಸ್ಕೆಟ್‌ಬಾಲ್ ಮತ್ತಿತರ ತಂಡಗಳನ್ನು ಪಶ್ಚಿಮ ಕರಾವಳಿಯ ಇನ್ನೊಂದು ಒಕ್ಕೂಟದಲ್ಲಿ ಆಡಿಸಿದವು.

ಆದರೂ ಇದು ಏಕೆ ಆಗುತ್ತಿಲ್ಲ ಎಂದು ಸಭೆಯಿಂದ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಒಂದು ಕಾರಣ, ಒಕ್ಕೂಟಗಳು ಟಿವಿಗೆ ಮಾರಿರುವುದು ಬಾಸ್ಕೆಟ್‌ಬಾಲ್ ಮುಂತಾದವನ್ನೂ ಸೇರಿಸಿ. ತಮ್ಮ ಚಾನೆಲ್‌ಗಳನ್ನು ವಾರವಿಡೀ ತುಂಬಲು ಆ ಪಂದ್ಯಗಳು ಬೇಕು. ಇನ್ನೊಂದು, ಹಕ್ಕು ವರ್ಗಾವಣೆ ಪತ್ರ. ಸದಸ್ಯ ವಿಶ್ವವಿದ್ಯಾಲಯ ತನ್ನ ಪ್ರಸಾರ ಹಕ್ಕನ್ನು ಇಷ್ಟು ವರ್ಷಕ್ಕೆಂದು ಒಕ್ಕೂಟಕ್ಕೆ ಬರೆದುಕೊಟ್ಟಿರುತ್ತದೆ. ಮನೆ ಬಿಟ್ಟು ಹೋಗಬಹುದು, ಹೊಲದ ಪಹಣಿ ಮಾತ್ರ ಹಳೆಯ ಮನೆಯವರ ಹೆಸರಿನಲ್ಲೇ ಇರುತ್ತದೆ. ಎಸಿಸಿಯಲ್ಲಿ ಈ ಪತ್ರ 2036ರವರೆಗೆ ಇದೆ. ಫ್ಲೋರಿಡಾ ಸ್ಟೇಟ್ 2023ರ ಡಿಸೆಂಬರ್‌ನಲ್ಲಿ ಇದರ ವಿರುದ್ಧ ಮೊಕದ್ದಮೆ ಹೂಡಿದಾಗ, ಬಿಟ್ಟುಹೋಗಲು 57.2 ಕೋಟಿ ಡಾಲರ್ ತಗಲುತ್ತದೆ ಎಂದು ಲೆಕ್ಕ ಕೊಟ್ಟಿತ್ತು. 2025ರ ಮಾರ್ಚ್‌ನಲ್ಲಿ ರಾಜಿಯಾಯಿತು. ಹೊರಹೋಗುವ ಶುಲ್ಕ ವರ್ಷ ವರ್ಷ ಇಳಿದು 2030-31ಕ್ಕೆ 7.5 ಕೋಟಿ ಡಾಲರ್ ಆಗುತ್ತದೆ.

ಮೂರನೆಯ ಕಾರಣ ಹೊಸದು. ಪೈಪೋಟಿಯಲ್ಲಿ ಉಳಿಯಬೇಕಾದರೆ ಆಟಗಾರರಿಗೆ ಈಗ ನೇರವಾಗಿ ಹಣ ಕೊಡಬೇಕು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ, ಮುಂದೆ ಪ್ರತಿ ವಿಶ್ವವಿದ್ಯಾಲಯ ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ತನ್ನ ಆಟಗಾರರಿಗೆ ಹಂಚಬಹುದು. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ದಶಕಗಳ ಕಾಲ ಅವರ ಬೆವರಿನ ಮೇಲೆ ಬೇರೆಯವರು ಮನೆ ಕಟ್ಟಿಕೊಂಡರು. ಆದರೆ ಆ ಹಣ ಎಲ್ಲಿಂದಾದರೂ ಬರಬೇಕು. ಟಿವಿ ಪಾಲು ಕಡಿಮೆ ಇರುವ ಒಕ್ಕೂಟದಲ್ಲಿ ಉಳಿಯುವುದು ಇನ್ನೂ ಕಷ್ಟವಾಗಿದೆ.

ಕಣ್ಣಿಡಬೇಕಾದ ವರ್ಷಗಳನ್ನು ಹೇಳಿಬಿಡುತ್ತೇನೆ. ಹೊಸ ರೂಪದ ಪ್ಯಾಕ್-12, ಟೆಕ್ಸಸ್ ಸ್ಟೇಟ್ ಮತ್ತು ಬಾಸ್ಕೆಟ್‌ಬಾಲ್‌ಗೆ ಹೆಸರಾದ ಗೊಂಝಾಗಾ ಸೇರಿ, ಆರಂಭವಾಗುವುದು 2026ರ ಜುಲೈಗೆ. ಬಿಗ್ ಟೆನ್‌ನ ಟಿವಿ ಒಪ್ಪಂದ 2030ರಲ್ಲಿ ಮುಗಿಯುತ್ತದೆ, ಬಿಗ್ 12ರದ್ದು 2031ರಲ್ಲಿ. ಎಸಿಸಿಯ ಹೊರಹೋಗುವ ಶುಲ್ಕ ತಗ್ಗುವುದೂ ಅದೇ ಹೊತ್ತಿಗೆ. ಮುಂದಿನ ಕದಲಿಕೆಯ ಮಾತುಕತೆ ನಡೆಯುವುದು ಆಗಲೇ. ಅಮೆರಿಕದಲ್ಲಿರುವ ನಮ್ಮವರ ಮಕ್ಕಳಲ್ಲಿ ಈಜು, ಟೆನ್ನಿಸ್, ಗಾಲ್ಫ್ ಆಡಿ ಕಾಲೇಜು ತಂಡ ಸೇರುವವರು ಈಗ ಕಡಿಮೆಯೇನಿಲ್ಲ. ಅವರ ತಂದೆ ತಾಯಂದಿರು ತರಬೇತುದಾರರ ಮುಂದೆ ಕುಳಿತಾಗ ವಿದ್ಯಾರ್ಥಿವೇತನದ ಜೊತೆಗೆ ಇನ್ನೂ ಎರಡನ್ನು ಕೇಳಲಿ: ಹೋದ ವರ್ಷ ತಂಡ ಎಷ್ಟು ದಿನ ಊರ ಹೊರಗಿತ್ತು, ಮತ್ತು ಮಗು ನಾಲ್ಕು ವರ್ಷ ಮುಗಿಸುವಾಗಲೂ ಇದೇ ಒಕ್ಕೂಟದಲ್ಲಿ ಇರುತ್ತೀರಾ. ಎರಡನೆಯ ಪ್ರಶ್ನೆಗೆ ಖಚಿತವಾದ ಉತ್ತರ ಕೊಡಬಲ್ಲ ತರಬೇತುದಾರರು ಈಗ ತೀರಾ ಕಡಿಮೆ.